ಒಂದೂಕಾಲು ಸೆಕೆಂಡು

ಈಗಲೇ ಹೇಳಿಬಿಟ್ಟರೆ? ಬೇಡ, ಅವಳ ಕೈಯಲ್ಲಿ ರೊಟ್ಟಿ ಇದೆ. ಊಟದ ನಡುವೆ ಹೇಳಿದರೆ ಹೆಂಡತಿ ಗುರುಬಸಮ್ಮ ತಟ್ಟೆ ಬಿಟ್ಟು ಏಳುತ್ತಾಳೆ. ಊಟ ಮುಗಿಸಿ ಹೇಳಿದರೆ, ಉಣ್ಣುವವರೆಗೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾಳೆ. ಹದಿನೆಂಟು ವರ್ಷ ಸುಮ್ಮನಿದ್ದವನಿಗೆ ಇನ್ನು ಅರ್ಧ ರೊಟ್ಟಿಯ ಹೊತ್ತು ದೊಡ್ಡದೇನೂ ಅಲ್ಲ. ಆದರೆ ಹೇಳಿದ ಮೇಲೆ ಉಳಿದ ಅರ್ಧ ರೊಟ್ಟಿ ಯಾರ ಗಂಟಲಲ್ಲಿ ಇಳಿದೀತು?

ಪಾಲಾಕ್ಷಪ್ಪ ಪುಂಡಿಪಲ್ಯಕ್ಕೆ ರೊಟ್ಟಿಯ ಚೂರು ಅದ್ದಿ ಬಾಯಿಗಿಟ್ಟುಕೊಂಡ. ಎದುರಿಗೆ ಮಗಳು ವಾಣಿಶ್ರೀ ತನ್ನ ಫೋನನ್ನು ಅವ್ವನ ಮುಂದೆ ಹಿಡಿದು ಕೂತಿದ್ದಳು. ಪರದೆಯ ಮೇಲೆ ಒಬ್ಬ ಹುಡುಗಿ ವಿಮಾನದ ಬಾಗಿಲಿನಿಂದ ಆಕಾಶಕ್ಕೆ ಬಿದ್ದಳು.

"ಈಕಿ ಬೆನ್ನಿಗೆ ಹತ್ಯಾನಲ್ಲ, ಯಾರವ?" ಅಂದಳು ಗುರುಬಸಮ್ಮ.

"ಕಲಿಸೋನು, ಅವ್ವ. ಪ್ಯಾರಾಚೂಟು ಅವನ ಬೆನ್ನಿಗೆ ಇರ್ತೈತಿ. ನಮ್ಮನ್ನ ಅವನ ಮುಂದ ನಾಲ್ಕು ಕೊಂಡಿಲೆ ಬಿಗಿದಿರ್ತಾರ. ಇಬ್ರೂ ಕೂಡೇ ಜಿಗಿಯೋದು."

"ಗುರ್ತಿಲ್ಲದೋನ ಎದಿಗೆ."

"ಹೆಣ್ಮಕ್ಳೂ ಅದಾರ ಕಲಿಸೋರು. ಕೇಳೀನಿ."

ಗೋಡೆಗೆ ಒರಗಿ ಕೂತಿದ್ದ ಪಾಲಾಕ್ಷಪ್ಪನ ತಾಯಿ ದಾಕ್ಷಾಯಣಮ್ಮ ಕೈ ಚಾಚಿದಳು. "ನಂಗೂ ತೋರ್ಸವ್ವ." ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದಳು. "ಸೀರಿ ಉಟ್ಟು ಹಾರಿದ್ರ ಮಾನ ಉಳಿಯಂಗಿಲ್ಲಲ್ಲೇ."

"ಪ್ಯಾಂಟು ಹಾಕ್ಕಂತೀನಜ್ಜಿ."

"ಹಂಗಾರ ಅಡ್ಡಿಲ್ಲ," ಅಂದು ಅಜ್ಜಿ ಮಜ್ಜಿಗೆ ಕುಡಿದಳು.

ವಾಣಿಶ್ರೀ ಕೊಟ್ಟೂರಿನಲ್ಲಿ ಪರವಾನಗಿ ಪಡೆದ ಸರ್ವೇಯರ್. ವಯಸ್ಸು ಇಪ್ಪತ್ತನಾಲ್ಕು. ಬಿಸಿಲಿನಲ್ಲಿ ಬದುವಿನಿಂದ ಬದುವಿಗೆ ನಡೆದು ಅಳೆಯುವುದು, ಅಣ್ಣತಮ್ಮಂದಿರ ಜಗಳದ ನಡುವೆ ಕಲ್ಲು ನೆಡಿಸುವುದು ಅವಳ ಕೆಲಸ. ಎರಡು ವರ್ಷದಿಂದ ಡ್ರೋನು ಬಂದಿತ್ತು. ಅದು ಕಳಿಸಿದ ಚಿತ್ರಗಳಲ್ಲಿ ಊರೂರ ಹೊಲ, ಹಟ್ಟಿ, ಬಾವಿ ಎಲ್ಲ ಮೇಲಿನಿಂದ ಕಾಣುತ್ತಿದ್ದವು. "ಎಲ್ಲಾರ ಹೊಲ ಪರದಿ ಮ್ಯಾಲೆ ನೋಡೀನಿ. ಒಮ್ಮೆ ಕಣ್ಣಿಲೆ ನೋಡ್ಬೇಕು," ಎಂಬುದು ಅವಳ ಮಾತು. ಮೈಸೂರಿನ ಕಡೆ ಒಂದು ಮೈದಾನದಲ್ಲಿ ಡಿಸೆಂಬರಿನ ಎರಡನೆಯ ಭಾನುವಾರ ಹೀಗೆ ಜಿಗಿಯಲು ಹೆಸರು ಬರೆಸಿದ್ದಳು. ದುಡ್ಡು ಅವಳದೇ. ಅದಕ್ಕೆ ಇನ್ನೂ ಆರು ವಾರ ಇತ್ತು.

"ಅವ್ವ, ಆ ಬೆಲ್ಟು ಆನೀ ಭಾರ ತಡಿತೈತಂತ. ನಾನು ಐವತ್ತೆರಡು ಕಿಲೋ."

ಗುರುಬಸಮ್ಮ ತಟ್ಟೆಯಿಂದ ಕೈ ತೆಗೆದಳು.

"ಬೆಲ್ಟಿನ ಮಾತು ನನ್ನ ಮುಂದ ಆಡಬ್ಯಾಡ. ನಿಮ್ಮಪ್ಪ ನಂಬಿದ್ದೂ ಬೆಲ್ಟನ್ನ. ಕಂಬದ ತುದ್ಯಾಗ ಹರೀತು. ಆರು ತಿಂಗಳ ಆ ಮಂಚದ ಮ್ಯಾಲೆ ಮಲಗಿದ್ರು, ಉಚ್ಚಿ ಡಬ್ಬಿ ಹಿಡಿದಾಕಿ ನಾನು. ನಿಂಗೇನು ಗೊತ್ತು, ಒಂದನೇ ಇಯತ್ತೆಗೆ ಹೋಗ್ತಿದ್ದಿ. ಆ ದುರುಗೇಶ ನೆಟ್ಟಗ ನೋಡಿ ಸಹಿ ಮಾಡಿದ್ರ ನಿಮ್ಮಪ್ಪನ ಕಾಲು ಇವತ್ತು ಕುಂಟ ಆಗ್ತಿದ್ದಿಲ್ಲ. ಅವನ ಕೈ ಸೇದಿ ಹೋಗ."

"ಅದು ಬ್ಯಾರೆ, ಇದು ಬ್ಯಾರೆ ಅವ್ವ."

"ಬೆಲ್ಟು ಅಂದ್ರ ಬೆಲ್ಟ." ಗುರುಬಸಮ್ಮ ಕೊರಳಲ್ಲಿದ್ದ, ಇಷ್ಟಲಿಂಗ ಇಡುವ ಕರಡಿಗೆಯನ್ನು ಸೆರಗಿನೊಳಗಿಂದ ಹೊರತೆಗೆದಳು. "ಇದನ್ನ ಮುಟ್ಟು. ನಾನು ಹೂಂ ಅನ್ನೋತನಕ ಹೋಗಂಗಿಲ್ಲ ಅನ್ನು."

ವಾಣಿಶ್ರೀ ಅಪ್ಪನ ಕಡೆ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ. ಅವಳು ಎಡಗೈಯಿಂದ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ, "ನೀ ಹೂಂ ಅನ್ನೋತನಕ ಹೋಗಂಗಿಲ್ಲ," ಅಂದಳು.

ಬೆಲ್ಟು ಹರಿದಿರಲಿಲ್ಲ. ಅದು ಆ ಮನೆಯಲ್ಲಿ ಪಾಲಾಕ್ಷಪ್ಪನಿಗೆ ಒಬ್ಬನಿಗೇ ಗೊತ್ತಿತ್ತು.

ಆಗ ಅವನು ಗುಡೇಕೋಟೆ ಕಡೆಯ ಲೈನ್‌ಮನ್. ಗುಡ್ಡದ ಬುಡದ ಕಂಬದಲ್ಲಿ ಒಂದು ತಂತಿ ಬಿಗಿಯುವ ಕೆಲಸ, ಐದು ನಿಮಿಷದ್ದು. ಮೈಯನ್ನು ಕಂಬಕ್ಕೆ ಬಿಗಿದುಕೊಳ್ಳುವ ಬೆಲ್ಟನ್ನು ಸೈಕಲ್ಲಿನ ಹಿಡಿಕೆಗೆ ನೇತುಹಾಕಿ ಹಾಗೇ ಹತ್ತಿದ್ದ. ಕಾಲು ಜಾರಿತು. ಜೊತೆಗಿದ್ದ ದುರುಗೇಶ ಇನ್ನೂ ಹೊಸ ಹುಡುಗ. ಬೆಲ್ಟು ಹಾಕದೆ ಬಿದ್ದ ಎಂದಾದರೆ ತಪ್ಪು ಬಿದ್ದವನದೇ ಆಗುತ್ತದೆ, ಆಸ್ಪತ್ರೆಯ ಖರ್ಚೂ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಜೀಪು ಬರುವುದರೊಳಗೆ ಅವನು ಆ ಬೆಲ್ಟನ್ನು ಗರಗಸದ ಬ್ಲೇಡಿನಿಂದ ಕುಯ್ದು, ಕಲ್ಲಿಗೆ ತಿಕ್ಕಿ, ಎಚ್ಚರವಿಲ್ಲದೆ ಬಿದ್ದಿದ್ದವನ ನಡುವಿಗೆ ಸುತ್ತಿದ. ವಿಚಾರಣೆಯಲ್ಲಿ, ಆ ತಿಂಗಳು ಬೆಲ್ಟುಗಳನ್ನು ಪರೀಕ್ಷೆ ಮಾಡಿ ಸಹಿ ಹಾಕಿದವರು ಯಾರು ಎಂದು ಕೇಳಿದರು. ಸಹಿ ದುರುಗೇಶನದಾಗಿತ್ತು. ಅವನ ಒಂದು ಬಡ್ತಿ ತಡೆದು ದೂರದ ಹೊಳಲಿಗೆ ವರ್ಗ ಮಾಡಿದರು. ಬೆಲ್ಟು ಕುಯ್ದದ್ದನ್ನು ಅವನು ಪಾಲಾಕ್ಷಪ್ಪನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಪಾಲಾಕ್ಷಪ್ಪನೂ ಹೇಳಲಿಲ್ಲ.

ಮಗಳಿಂದ ಆಣೆ ಮಾಡಿಸಿದ ಮೇಲಿನ ವಾರಗಳಲ್ಲಿ ಮನೆಯಲ್ಲಿ ಜಗಳವಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ವಾಣಿಶ್ರೀ ಬೆಳಿಗ್ಗೆ ಅಂಗಳ ಗುಡಿಸಿ, ನೀರು ತುಂಬಿ, ಡಬ್ಬಿ ಕಟ್ಟಿಕೊಂಡು ಹೊಲಗಳಿಗೆ ಹೋಗುತ್ತಿದ್ದಳು. ಸಂಜೆ ಧೂಳು ಮೈಯಲ್ಲಿ ಬಂದು ಉಂಡು ಮಲಗುತ್ತಿದ್ದಳು. ಅವ್ವ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದ್ದನ್ನು ಹೇಳುತ್ತಿರಲಿಲ್ಲ. ಒಗ್ಗರಣೆ ಮಂಡಕ್ಕಿ ಮಾಡಿ ಮೆಣಸಿನಕಾಯಿ ಕರಿದರೂ ಒಂದನ್ನು ತಿಂದು ಎದ್ದುಬಿಡುತ್ತಿದ್ದಳು. ಮೊದಲು ಐದು ಸಾಲುತ್ತಿರಲಿಲ್ಲ.

"ಉಪ್ಪು ಕಮ್ಮಿ ಆಗೇತೇನು?" ಎಂದು ಗುರುಬಸಮ್ಮ ಕೇಳುವಳು.

"ಸರಿ ಐತಿ."

"ಮತ್ತ?"

"ಹೊಟ್ಟಿ ತುಂಬೇತಿ ಅವ್ವ."

ಅಜ್ಜಿ ಒಂದು ದಿನ ಸೊಸೆಗೆ ಹೇಳಿದಳು: "ಹೂಂ ಅಂದುಬಿಡ. ಕೂಸು ನೆಲದ ಮ್ಯಾಲೆ ಇದ್ದೂ ಇಲ್ದಂಗ ಆಗೇತಿ."

"ನೀವು ಸುಮ್ನಿರ್ರಿ ಅತ್ತಿ. ನಿಮ್ಮ ಮಗ ಬಿದ್ದಾಗ ನೀವು ಎದಿ ಹೊಡ್ಕಂಡು ಅತ್ರಿ. ನಾನು ಅಳಾಕೂ ಹೊತ್ತಿದ್ದಿಲ್ಲ."

ಅಜ್ಜಿ ಎದ್ದು ಹಿತ್ತಿಲಿಗೆ ಹೋದಳು.

ಬಿದ್ದ ಮೇಲೆ ಪಾಲಾಕ್ಷಪ್ಪನಿಗೆ ಕಂಬ ಹತ್ತುವ ಕೆಲಸ ಇರಲಿಲ್ಲ. ಕೊಟ್ಟೂರಿನ ವಿದ್ಯುತ್ ಕಚೇರಿಯಲ್ಲಿ ದೂರಿನ ಫೋನು ಎತ್ತುವುದು ಅವನ ಕೆಲಸ. ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ಒಂದು ಮಧ್ಯಾಹ್ನ ವಾಣಿಶ್ರೀ ಅವನು ಮರೆತುಬಂದಿದ್ದ ಡಬ್ಬಿ ತಂದಳು. ಇಬ್ಬರೂ ಒಂದೇ ಡಬ್ಬಿಯಿಂದ ಉಂಡರು. ಅವಳು ಶೇಂಗಾ ಚಟ್ನಿಯನ್ನು ಬೆರಳಲ್ಲಿ ನೆಕ್ಕುತ್ತಾ ಕೇಳಿದಳು.

"ಕಂಬ ಎಷ್ಟು ಎತ್ರ ಇತ್ತು ಅಪ್ಪಾಜಿ?"

"ಇಪ್ಪತ್ತೈದು ಅಡಿ ಇರ್ಬೇಕು."

ಅವಳು ಬರೀ ಬೆರಳಲ್ಲಿ ಮೇಜಿನ ಮೇಲೆ ಏನೋ ಗೀಚಿದಳು. "ಒಂದೂಕಾಲು ಸೆಕೆಂಡು."

"ಏನದು?"

"ನೀವು ಬಿದ್ದ ಹೊತ್ತು. ಅಲ್ಲಿ ಪ್ಯಾರಾಚೂಟು ಬಿಚ್ಚೂಕಿಂತ ಮೊದ್ಲು ಮೂವತ್ತೈದು ಸೆಕೆಂಡು ಬೀಳ್ತಾರ." ಅವಳು ಅಪ್ಪನ ಮುಖ ನೋಡಿದಳು. "ಹೆಂಗ ಅನಿಸಿತ್ತು ಅಪ್ಪಾಜಿ, ಆಗ?"

ಫೋನು ಬಡಿದುಕೊಂಡಿತು. ಅದು ಬಡಿದುಕೊಳ್ಳದಿದ್ದರೆ ಏನು ಹೇಳುತ್ತಿದ್ದನೋ ಅವನಿಗೂ ಗೊತ್ತಿಲ್ಲ. "ಹಲೋ, ಹೇಳ್ರಿ... ಬರ್ತೈತ್ರಿ ಕರೆಂಟು, ಹುಡುಗರು ಲೈನಿನ ಮ್ಯಾಲೆ ಅದಾರ... ಗಾಬರಿ ಮಾಡಬ್ಯಾಡ್ರಿ, ಕೆಳಗ ಇಳೀಲಿ ಅವರು." ಫೋನು ಇಡುವಷ್ಟರಲ್ಲಿ ಅವಳು ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡಿದ್ದಳು.

ಮರುದಿನ ಅವನು ರಜೆ ಹಾಕಿ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದ. ದುರುಗೇಶ ಈಗ ಅಲ್ಲಿದ್ದ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಚಹಾ ಹಿಡಿದು ಕೂತರು. ದುರುಗೇಶನ ಮೀಸೆ ನರೆತಿತ್ತು. ಪಾಲಾಕ್ಷಪ್ಪ ಮಗಳ ವಿಷಯ ಹೇಳಿದ. ಹೆಂಡತಿಯ ಮಾತು ಹೇಳಿದ.

"ಇನ್ನೂ ಬೈತಾರೇನು ನನ್ನ?"

"ನಿನ್ನೆನೂ ಬೈದ್ಲು."

ದುರುಗೇಶ ನಕ್ಕ. "ಬೈದ್ರ ಏನು ಕರೆಂಟು ಹೊಡಿತೈತೇನಣ್ಣ. ಅವತ್ತು ನಿಮ್ಮನ್ನ ನೋಡಾಕ ಮೋಸಂಬಿ ತಂದಿದ್ದೆ, ನೆನಪೈತಾ? ಅಕ್ಕ ಚೀಲ ಓಣಿಗೆ ಒಗೆದ್ರು. ಒಂದೊಂದೂ ಉಳ್ಳಾಡ್ಕಂತ ಹೋದ್ವು. ಆರಿಸ್ಕಂಡು ಬಸ್‌ಸ್ಟ್ಯಾಂಡಿನಾಗ ಕುಂತು ನಾನ ತಿಂದೆ. ಸಿಹಿ ಇದ್ವು."

"ಮನ್ಯಾಗ ಹೇಳ್ತೀನಿ ದುರುಗೇಶ. ನಿನಗ ತೊಂದ್ರಿ ಆದ್ರ?"

"ನೀವು ನಿಮ್ಮ ಹೆಂಡ್ತಿಗೆ ಹೇಳಿದ್ದನ್ನ ಯಾವ ಸಾಹೇಬ ಬರ್ಕಂತಾನ? ಹೇಳ್ರಿ." ಸ್ವಲ್ಪ ಹೊತ್ತು ಲೋಟ ತಿರುಗಿಸಿ ಅಂದ: "ನೀವು ಯಾವತ್ತೋ ಹೇಳಿರ್ತೀರಿ ಅಂದ್ಕಂಡಿದ್ದೆ ಅಣ್ಣ."

ಪಾಲಾಕ್ಷಪ್ಪ ಚಹಾದ ಲೋಟವನ್ನು ಮೇಜಿನ ಮೇಲಿಟ್ಟ. ಚಹಾದ ದುಡ್ಡನ್ನು ದುರುಗೇಶನೇ ಕೊಟ್ಟ.

ಭಾನುವಾರ ಬೆಳಿಗ್ಗೆ ವಾಣಿಶ್ರೀ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ಗುರುಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಾಲಾಕ್ಷಪ್ಪ ಒಲೆಯ ಪಕ್ಕದ ಮಣೆಯ ಮೇಲೆ ಕೂತ. ಕುಂಟುಕಾಲು ಮುಂದಕ್ಕೆ ಚಾಚಿತು.

"ಬೆಲ್ಟು ಹರಿದಿದ್ದಿಲ್ಲ," ಅಂದ.

ಬಡಿಯುವ ಸದ್ದು ನಿಲ್ಲಲಿಲ್ಲ.

"ನಾನು ಹಾಕಿದ್ದೇ ಇಲ್ಲ. ಐದು ನಿಮಿಷದ ಕೆಲಸ ಅಂತ ಸೈಕಲ್ಲಿಗೆ ಹಾಕಿ ಹತ್ತಿದ್ದೆ. ನಾನು ಬಿದ್ದ ಮ್ಯಾಲೆ ದುರುಗೇಶ ಅದನ್ನ ಕೊಯ್ದ. ನಮಗ ಆಸ್ಪತ್ರಿ ಖರ್ಚು ಸಿಗಲಿ ಅಂತ. ತಪ್ಪು ಅವನ ಮ್ಯಾಲೆ ಬಂತು. ಅವನೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಗುರುಬಸಮ್ಮ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು, ಬಡಿಯಲಿಲ್ಲ.

"ಹಾಕಿದ್ರ ಬೀಳ್ತಿದ್ದಿಲ್ಲೇನು?"

"ಬೀಳ್ತಿದ್ದಿಲ್ಲ. ಜೋತಾಡ್ತಿದ್ದೆ, ಅಷ್ಟ."

"ದುರುಗೇಶ ತನ್ನ ಮದುವಿ ಕಾರ್ಡು ತಂದಿದ್ದ. ನಾನು ಬಾಗಿಲಾ ಹಾಕಿದೆ. ನೀವು ಒಳಗ ಇದ್ರಿ."

"ಇದ್ದೆ."

"ನಾನು ಬೈಯೋವಾಗೆಲ್ಲ ಇಲ್ಲೇ ಉಣ್ಣಾಕ ಕುಂತಿರ್ತಿದ್ರಿ."

"ಹೂಂ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಅವಳು ಅದನ್ನು ಕೈಯಿಂದಲೇ ತೆಗೆದು ಪಕ್ಕಕ್ಕಿಟ್ಟಳು. "ಏಳ್ರಿ. ಹೊಗಿ ಬರ್ತೈತಿ," ಅಂದಳು. ಮಧ್ಯಾಹ್ನ ಆ ಸೀದ ರೊಟ್ಟಿಯನ್ನು ತನ್ನ ತಟ್ಟೆಗೇ ಹಾಕಿಕೊಂಡಳು. ಪಾಲಾಕ್ಷಪ್ಪ ಅದಕ್ಕೆ ಕೈ ಚಾಚಿದ. ಅವಳು ತಟ್ಟೆಯನ್ನು ಆಚೆ ಸರಿಸಿದಳು.

ನಾಲ್ಕು ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಅತ್ತೆಯ ಮೂಲಕ ಹೇಳಿದಳು. "ನಿಮ್ಮ ಮಗನಿಗೆ ಹೇಳ್ರಿ, ಗ್ಯಾಸು ಮುಗಿದೈತಿ." ಅಜ್ಜಿ ಎರಡು ದಿನ ಆ ಕೆಲಸ ಮಾಡಿ ಮೂರನೆಯ ದಿನ, "ನಂಗ ಕಿವಿ ಕೇಳಂಗಿಲ್ಲ, ನೀವ ಮಾತಾಡ್ಕರ್ರಿ," ಅಂದುಬಿಟ್ಟಳು. ವಾಣಿಶ್ರೀ ಏನಾಯಿತು ಎಂದು ಕೇಳಿದಾಗ ಗುರುಬಸಮ್ಮ ಎಲ್ಲವನ್ನೂ ಹೇಳಿದಳು. ವಾಣಿಶ್ರೀ ಆ ಸಂಜೆ ಅಪ್ಪನಿಗೆ ಚಹಾ ತಂದುಕೊಟ್ಟು, ಅವನು ಕುಡಿಯುವವರೆಗೆ ಪಕ್ಕದಲ್ಲೇ ನಿಂತಳು.

ಐದನೆಯ ದಿನ ತಟ್ಟೆ ಇಡುತ್ತಾ ಗುರುಬಸಮ್ಮ ನೇರವಾಗಿ ಅಂದಳು: "ಬರೋ ಭಾನುವಾರ ಅವನನ್ನ ಉಣ್ಣಾಕ ಕರೀರಿ. ಹೆಂಡ್ತಿ ಮಕ್ಳನ್ನೂ."

ದುರುಗೇಶ ಒಬ್ಬನೇ ಬಂದ. ಕೈಯಲ್ಲಿ ಮೋಸಂಬಿಯ ಚೀಲ ಇತ್ತು. ಬಾಗಿಲಲ್ಲಿ ನಿಂತು ಚೀಲವನ್ನು ಸ್ವಲ್ಪ ಹಿಂದಕ್ಕೆ ಹಿಡಿದುಕೊಂಡ.

"ಕೊಡು," ಅಂದಳು ಗುರುಬಸಮ್ಮ. ಚೀಲ ಇಸಿದುಕೊಂಡು ಒಳಗೆ ಹೋದಳು. ಅವನು ಚಪ್ಪಲಿ ಬಿಟ್ಟು ಬಂದು ಕೂತ.

ಹೋಳಿಗೆ ಮಾಡಿದ್ದಳು. ಅವನ ಎಲೆಗೆ ಎರಡು ಹಾಕಿದಳು, ಕೇಳದೆ ಮೂರನೆಯದನ್ನೂ ಹಾಕಿದಳು, ಅದರ ಮೇಲೆ ತುಪ್ಪ ಸುರಿದಳು.

"ಸಾಕ್ರಿ ಅಕ್ಕ."

"ಉಣ್ಣು. ಹದಿನೆಂಟು ವರ್ಷದ್ದು ಒಂದ ದಿನಕ್ಕ ಮುಗಿಯಂಗಿಲ್ಲ." ಅವಳು ಪಾತ್ರೆ ಹಿಡಿದು ನಿಂತೇ ಇದ್ದಳು. "ನೀನರ ಹೇಳಬೇಕಿತ್ತಪ್ಪ. ಬಾಯಿಗೆ ಬಂದಂಗ ಬೈದೆ ನಿನಗ."

"ಹೇಳಿದ್ರ ನೀವು ಅಣ್ಣನ್ನ ಬೈತಿದ್ರಿ. ಅವರು ಮಂಚದ ಮ್ಯಾಲೆ ಇದ್ರು. ನಾನು ಓಡಾಡ್ಕಂಡಿದ್ದೆ, ತಡಕಂತಿದ್ದೆ."

ಅಜ್ಜಿ ಬಾಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಪಾಲಾಕ್ಷಪ್ಪ ಹೋಳಿಗೆಯನ್ನು ತುಂಡು ಮಾಡುತ್ತಲೇ ಇದ್ದ. ಗುರುಬಸಮ್ಮ ಅವನ ಎಲೆಗೂ ತುಪ್ಪ ಹಾಕಿದಳು, ದುರುಗೇಶನಿಗಿಂತ ಕಡಿಮೆ.

ದುರುಗೇಶ ಹೋದ ಮೇಲೆ ಅವಳು ಮಗಳನ್ನು ಕರೆದಳು. "ಯಾವತ್ತೈತಿ ಅದು?"

"ಮುಂದಿನ ಭಾನುವಾರ. ಇವತ್ತು ಸಂಜಿಗೆ ರದ್ದು ಮಾಡ್ಬೇಕಂತಿದ್ದೆ."

"ನಿಮ್ಮಪ್ಪ ನಿನ್ನ ಕೂಡ ಬರ್ತಾರ. ನಾಲ್ಕೂ ಕೊಂಡಿ ಅವರು ಎಳೆದು ನೋಡ್ಬೇಕು. ಒಂದು ಬಿಟ್ರೂ ಬ್ಯಾಡ." ಗಂಡನ ಕಡೆ ತಿರುಗಿ, "ಇದನ್ನರ ನೆಟ್ಟಗ ಮಾಡ್ರಿ," ಅಂದಳು. ಆಮೇಲೆ ಮಗಳಿಗೆ: "ಹೂಂ."

ಅಷ್ಟಕ್ಕೆ ಮುಗಿಯಲಿಲ್ಲ. ಅಲ್ಲಿಂದ ಬಂದ ಸೂಚನೆಗಳನ್ನು ವಾಣಿಶ್ರೀ ಓದುತ್ತಾ ಹೋದಾಗ ಒಂದು ಸಾಲು ಬಂತು: ಕೊರಳಲ್ಲಿ ಏನೂ ಇರಬಾರದು.

"ನಿನ್ನ ಕೊರಳಾಗಿನ ಲಿಂಗ?" ಅಂದಳು ಅಜ್ಜಿ. ಮೊದಲ ಸಲ ಅವಳ ದನಿ ಗಟ್ಟಿಯಾಯಿತು. "ಪ್ಯಾಂಟು ಹಾಕ್ಕ, ಆಕಾಶದಾಗ ಹಾರು, ಅಡ್ಡಿಲ್ಲ. ಲಿಂಗ ಮೈ ಬಿಟ್ಟು ಇಳಿಬಾರ್ದು."

"ಕರಡಿಗಿ ಗಾಳಿಗೆ ಮುಖಕ್ಕ ಬಡಿತೈತಜ್ಜಿ, ಅದಕ್ಕ."

"ತೋಳಿಗೆ ಕಟ್ರಿ," ಅಂದ ಪಾಲಾಕ್ಷಪ್ಪ. "ಕರಡಿಗಿ ಬ್ಯಾಡ. ವಸ್ತ್ರದಾಗ ಸುತ್ತಿ, ಅಂಗಿ ಒಳಗ."

ಗುರುಬಸಮ್ಮ ತನ್ನ ಹಳೆಯ ರವಿಕೆಯ ಗಟ್ಟಿ ಬಟ್ಟೆ ಕತ್ತರಿಸಿ ಮೂರು ಸಲ ಮಡಿಸಿ ಪಟ್ಟಿ ಹೊಲಿದಳು. ನಡುವೆ ಲಿಂಗ ಕೂರುವಷ್ಟು ಜೇಬು. ಹೊಲಿಗೆಯನ್ನು ಹಲ್ಲಿನಿಂದ ಎಳೆದು ನೋಡಿದಳು, ಇನ್ನೊಂದು ಸಾಲು ಹೊಲಿದಳು. ಶನಿವಾರ ಬೆಳಿಗ್ಗೆ ಹೊರಡುವ ಮುಂಚೆ ಪೂಜೆ ಮುಗಿಸಿ, ಮಗಳ ಎಡತೋಳಿಗೆ ಪಟ್ಟಿ ಸುತ್ತಿದಳು. ಗಂಟನ್ನು ಪಾಲಾಕ್ಷಪ್ಪ ಹಾಕಿದ. ಕಂಬದ ಮೇಲೆ ಹಗ್ಗಕ್ಕೆ ಹಾಕುತ್ತಿದ್ದ ಗಂಟು ಅದು, ಎಳೆದಷ್ಟೂ ಬಿಗಿಯುವಂಥದು. ಅವನ ಬೆರಳುಗಳಿಗೆ ಇನ್ನೂ ನೆನಪಿತ್ತು.

"ಬಿಗಿ ಆತೇನವ್ವ?"

"ಇಲ್ಲ. ಸರಿ ಐತಿ."

ಬುತ್ತಿಗೆ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ. ಬಸ್ಸಿನಲ್ಲಿ ದಿನವಿಡೀ ಕೂತು ಸಂಜೆಗೆ ಮೈಸೂರು ತಲುಪಿ ಒಂದು ಮಠದ ಛತ್ರದಲ್ಲಿ ಉಳಿದರು.

ಮರುದಿನ ಮೈದಾನದಲ್ಲಿ ವಾಣಿಶ್ರೀಗೆ ಪಟ್ಟಿಗಳನ್ನು ಹಾಕಿದವಳು ಅವಳ ಜೊತೆ ಜಿಗಿಯುವ, ಮೂವತ್ತೈದರ ಒಬ್ಬ ಹೆಂಗಸು. ಪಾಲಾಕ್ಷಪ್ಪ ಕುಂಟುತ್ತಾ ಸುತ್ತ ಬಂದು ಒಂದೊಂದು ಕೊಂಡಿಯನ್ನೂ ಹಿಡಿದು ಎಳೆದ. ಭುಜದವು ಎರಡು, ನಡುವಿನವು ಎರಡು. ಪಟ್ಟಿಗಳನ್ನು ಬೆರಳ ನಡುವೆ ಹಾಯಿಸಿ ಸವೆದಿವೆಯೇ ಎಂದು ನೋಡಿದ.

"ಬೆಲ್ಟಿನ ಕೆಲಸ ಗೊತ್ತಿದೆಯಾ ಸರ್ ನಿಮಗೆ?" ಅಂದಳು ಆಕೆ, ನಗುತ್ತಾ.

"ಕಂಬ ಹತ್ತಿದೋನ್ರಿ ನಾನು," ಅಂದ. "ಮ್ಯಾಲೆ ಹೋದ ಮ್ಯಾಲೆ ಇನ್ನೊಮ್ಮೆ ನೋಡ್ಕರ್ರಿ ತಾಯಿ. ನಾ ಅಲ್ಲಿ ಇರಂಗಿಲ್ಲ."

ಆಕೆಯ ನಗು ಹೋಯಿತು. "ನೋಡ್ತೀನಿ," ಅಂದಳು.

ವಿಮಾನ ಸಣ್ಣದಾಗಿ, ಸದ್ದಷ್ಟೇ ಉಳಿಯಿತು. ಪಾಲಾಕ್ಷಪ್ಪ ಹಣೆಗೆ ಕೈ ಅಡ್ಡ ಹಿಡಿದು ನಿಂತ. ಯಾರೋ "ಅಗೋ" ಅಂದರು. ಅವನಿಗೆ ಕಾಣಲಿಲ್ಲ. ಒಂದು, ಎರಡು ಎಂದು ಎಣಿಸತೊಡಗಿದ. ಮೂವತ್ತೊಂದಕ್ಕೆ ಆಕಾಶದಲ್ಲಿ ಹಳದಿ ಬಣ್ಣ ಅರಳಿತು. ಅವನು ಹಣೆಯ ಮೇಲಿನ ಕೈ ಇಳಿಸಿದ.

ವಾಣಿಶ್ರೀ ಹುಲ್ಲಿನ ಮೇಲೆ ಕೂತಂತೆ ಇಳಿದಳು. ಕೂದಲೆಲ್ಲ ಕೆದರಿತ್ತು, ಕಣ್ಣಿನಿಂದ ಗಾಳಿಯ ನೀರು ಕಿವಿಯವರೆಗೆ ಹರಿದಿತ್ತು. ಕೊಂಡಿ ಬಿಚ್ಚಿದ ಕೂಡಲೇ ಎಡತೋಳು ಮುಟ್ಟಿ ನೋಡಿಕೊಂಡಳು. ಆಮೇಲೆ ಅಪ್ಪನ ಕೈ ಹಿಡಿದಳು.

ಮೊದಲು ಅವ್ವನಿಗೆ ಫೋನು ಮಾಡಿದಳು. ಗುರುಬಸಮ್ಮ ಕೇಳಿದ್ದು ಎರಡೇ ಮಾತು: "ಲಿಂಗ ಐತಾ?" "ಐತವ್ವ." "ಉಂಡ್ರಾ?" "ಈಗ ಉಣ್ತೀವಿ."

ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದರು. ವಾಣಿಶ್ರೀ ಒಂದಾದ ಮೇಲೊಂದು ರೊಟ್ಟಿ ತಿಂದಳು. ತಿನ್ನುತ್ತಲೇ ಹೇಳಿದಳು: "ಬಿದ್ದಂಗ ಅನಿಸಲೇ ಇಲ್ಲ ಅಪ್ಪಾಜಿ. ಗಾಳಿ ಮ್ಯಾಲೆ ಬೋರಲ ಮಲಗಿದಂಗ. ಹೊಲ ಎಲ್ಲ ಕಂಡ್ವು. ಬದು ಕಾಣ್ಲೇ ಇಲ್ಲ, ನೋಡ್ರಿ. ಅಷ್ಟು ಜಗಳ ಮಾಡ್ತಾರಲ್ಲ, ಒಂದೂ ಕಾಣ್ಲಿಲ್ಲ." ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಅಂದಳು: "ಒಂದು ಕ್ಷಣ ಅವ್ವ ನೆನಪಾದ್ಲು. ನೀವು ಕೆಳಗ ನಿಂತಿರ್ತೀರಿ ಅನ್ನೋದೂ ನೆನಪಾತು. ಅದಕ್ಕ ಹೆದರಿಕಿ ಆಗ್ಲಿಲ್ಲ."

ಪಾಲಾಕ್ಷಪ್ಪ ತಲೆಯಾಡಿಸಿದ.

"ನೀವು ಅವತ್ತು ಹೇಳ್ಲೇ ಇಲ್ಲ. ಆ ಒಂದೂಕಾಲು ಸೆಕೆಂಡಿನಾಗ ನಿಮಗ ಹೆಂಗ ಅನಿಸಿತ್ತು?"

"ನೆನಪಿಲ್ಲವ್ವ," ಅಂದ ಅವನು. ತನ್ನ ಪಾಲಿನ ಕೊನೆಯ ರೊಟ್ಟಿಯನ್ನು ಮುರಿದು ಅರ್ಧವನ್ನು ಅವಳ ಕೈಗೆ ಕೊಟ್ಟ. "ತಿನ್ನು. ಬಸ್ಸಿಗೆ ಹೊತ್ತಾಗ್ತೈತಿ."

ಅವನಿಗೆ ಎಲ್ಲವೂ ನೆನಪಿತ್ತು. ಕಾಲು ಜಾರಿದ ಮೇಲೆ ನೆಲ ತಾಕುವವರೆಗೆ ಅವನಿಗೆ ಹೆದರಿಕೆ ಆಗಿರಲಿಲ್ಲ. ಗುಡ್ಡದ ಮೇಲೆ ಬಿಸಿಲಿತ್ತು, ಮೈ ಹಗುರವಾಗಿತ್ತು, ಹೆಂಡತಿಯಾಗಲಿ ಆರು ವರ್ಷದ ಮಗಳಾಗಲಿ ಅವನ ನೆನಪಿಗೆ ಬಂದಿರಲಿಲ್ಲ, ಮತ್ತು ಅವನಿಗೆ ಸುಖವಾಗಿತ್ತು. ಇದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.